ಎಡತೋಳು

ಸುತ್ತೋಲೆ ಬಂದದ್ದು ಮೇ ತಿಂಗಳ ಕೊನೆಗೆ,
ಬೋಟುಗಳು ಒಂದೊಂದಾಗಿ ಧಕ್ಕೆಗೆ ಮರಳುವ ಹೊತ್ತಿಗೆ:
ಸಿಬ್ಬಂದಿಯೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳತಕ್ಕದ್ದು,
ತಪ್ಪಿದವರಿಗೆ ವಾರ್ಡಿನಲ್ಲಿ ಡ್ಯೂಟಿ ಇಲ್ಲ.
ಆ 'ತಕ್ಕದ್ದು'ವಿನ ಕೆಳಗೆ
ಯಾರೋ ನೀಲಿ ಪೆನ್ನಲ್ಲಿ ಗೆರೆ ಎಳೆದು ಬರೆದಿದ್ದರು:
ಎಂತ ಜೋರು ಮಾರಾಯ್ರೆ!

ಸೂಜಿ ನನ್ನ ಕೈಯಲ್ಲಿ. ರಿಜಿಸ್ಟರೂ ನನ್ನ ಕೈಯಲ್ಲಿ.
ಕಂಕನಾಡಿಯ ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ಮುಖ ಮಾತ್ರ ನೋಡಿದವರ
ತೋಳು ನೋಡಿದ್ದು ಈ ವಾರ.

ಎಲುಬು ಕೊರೆಯುವ ಡಾಕ್ಟರು ಗೋಡೆಗೆ ಮುಖ ಮಾಡಿ
ಹಲ್ಲು ಕಚ್ಚಿ ಕೂತರು.
ಎಕ್ಸ್‌ರೇಯ ಐತಪ್ಪಣ್ಣನ ತೋಳಲ್ಲಿ
ಹಚ್ಚೆಯ ಹೆಸರೊಂದು, ಹೆಂಡತಿಯದಲ್ಲ;
ಓದಲೇ ಇಲ್ಲ ಎಂಬಂತೆ ಹತ್ತಿ ಒತ್ತಿದೆ.
ರಾತ್ರಿ ಪಾಳಿಯ ಖೈರುನ್ನಿಸಾ ಕೇಳಿದಳು:
"ನಾಳೆ ಜ್ವರ ಬಂದರೆ ರಜೆ ಕೊಡ್ತಾರಾ,
ಅದಕ್ಕೂ ಒಂದು ಸುತ್ತೋಲೆ ಬರಬೇಕಾ?"
ಸೆವ್ರಿನ್ ಸಿಸ್ಟರ್ ಕೈ ಕಟ್ಟಿ ನಿಂತೇ ಬಿಟ್ಟರು:
"ಮೈ ನಂದು. ಕರಿಮೆಣಸಿನ ಕಷಾಯದಲ್ಲಿ
ಐವತ್ತೆರಡು ಮಳೆಗಾಲ ದಾಟಿಸಿದ್ದೇನೆ."
ಉತ್ತರ ನನಗೆ ಗೊತ್ತಿತ್ತು,
ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು.
ಹೇಳುವ ಬಾಯಿ ಇರಲಿಲ್ಲ.

ಯಾಕೆಂದರೆ ಹೋದ ವರ್ಷದ ರಿಜಿಸ್ಟರಿನಲ್ಲಿ
ನಲವತ್ತೊಂದನೇ ಸಾಲು ನನ್ನ ಹೆಸರು, ನನ್ನ ಸಹಿ.
ಸೂಜಿ ಮಾತ್ರ ಇಲ್ಲ.
ಮರುದಿನ ಡಬ್ಬಲ್ ಡ್ಯೂಟಿ, ತೋಳು ನೋಯುತ್ತದೆ,
ನಾಡಿದ್ದು ಹಾಕಿಕೊಂಡರಾಯಿತು.
ನಾಡಿದ್ದಿಗೆ ನಾಡಿದ್ದು ಕೂಡಿ ಆಟಿ ಬಂತು.

ಆಟಿಯಲ್ಲಿ ಕೆಮ್ಮು.
ದೊಡ್ಡದೇನಲ್ಲ, ಮಾಸ್ಕಿನೊಳಗೇ ನುಂಗುವಂಥದ್ದು.
ಹದಿನಾಲ್ಕನೇ ಮಂಚದಲ್ಲಿ ಬೆಂಗರೆಯ ಅಕ್ಕು ಮರಕಾಲ್ತಿ,
ಸೊಂಟದ ಮೂಳೆ ಕೂಡಿ ಗುರುವಾರ ಮನೆಗೆ ಹೊರಟವರು.
ಬಿ.ಪಿ. ನೋಡುವಾಗ ನನ್ನ ಬೆರಳು ಹಿಡಿದು
"ನಿನ್ನ ಕೈ ಬಿಸಿ ಉಂಟಲ್ಲ ಮಗಾ" ಅಂದಿದ್ದರು.
ನಾನು ನಕ್ಕಿದ್ದೆ.
ಗುರುವಾರ ಅವರಿಗೆ ಜ್ವರ. ಭಾನುವಾರ ಐಸಿಯು.
ಮತ್ತೆ ಮಂಚಕ್ಕೆ ಹೊಸ ಬೆಡ್‌ಶೀಟು.

ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ.
ಹೇಳಲು ಬರುವುದೂ ಇಲ್ಲ:
ನೋಡಲು ಬಂದ ನೆಂಟರಿರಬಹುದು,
ಪಕ್ಕದ ಮಂಚವಿರಬಹುದು, ಲಿಫ್ಟಿನ ಗುಂಡಿಯಿರಬಹುದು.
ಆ 'ಬಹುದು'ವಿನ ಮೇಲೆ
ಹತ್ತು ತಿಂಗಳು ಮಗ್ಗುಲು ಬದಲಿಸಿದ್ದೇನೆ.

ಶನಿವಾರ ಸಂಜೆ. ತೆರೆದ ಬಾಟಲಿಯಲ್ಲಿ ಒಂದೇ ಡೋಸು.
ಪಟ್ಟಿಯಲ್ಲೂ ಒಂದೇ ಸಾಲು ಬಾಕಿ, ಅರುವತ್ತೆರಡು, ನನ್ನದು.
ನೆಲ ಒರೆಸುತ್ತಿದ್ದ ವಾರಿಜ ಬಕೆಟ್ಟು ಬದಿಗಿಟ್ಟು ಕೇಳಿದಳು:
"ನಂಗೆ ಇಲ್ವಾ ಸಿಸ್ಟರ್?"
ಕಂಟ್ರಾಕ್ಟಿನವಳು. ಕಫದ ಪಾತ್ರೆ ತೊಳೆಯುವ ಕೈ
ಸಿಬ್ಬಂದಿಯ ಲೆಕ್ಕಕ್ಕೆ ಬರುವುದಿಲ್ಲ.

ಸಹಿ ನಾನು ಮಾಡಿ ಸೂಜಿ ಅವಳಿಗೆ ಕೊಟ್ಟರೆ?
ಪೆನ್ನು ಕಾಗದದವರೆಗೂ ಹೋಯಿತು.
ಸುಳ್ಳು ಎರಡನೇ ಸಲ
ಒಳ್ಳೆ ಸೀರೆ ಉಟ್ಟುಕೊಂಡು ಬರುತ್ತದೆ.

ಫ್ರಿಜ್ಜು ತೆರೆದು ಹೊಸ ಬಾಟಲಿಯ ಮುಚ್ಚಳ ಕಿತ್ತೆ.
ವಾರಿಜಳ ತೋಳಲ್ಲಿ ಗಂಜಿತಿಳಿ ಬಿದ್ದ ಹಳೆ ಕಲೆ;
ಅದನ್ನು ತಪ್ಪಿಸಿ ಚುಚ್ಚಿದೆ.
ಅರುವತ್ತಮೂರನೇ ಸಾಲು ಅಚ್ಚಾಗಿರಲಿಲ್ಲ.
ಸ್ಕೇಲಿಟ್ಟು ಎಳೆದೆ, ಹೆಸರು ಬರೆದೆ.
ಉಳಿದ ಒಂಬತ್ತಕ್ಕೆ ಸೋಮವಾರ
ಆಫೀಸಿನಲ್ಲಿ ಲೆಕ್ಕ ಹೇಳಬೇಕು.

ಆಮೇಲೆ ಟ್ರೈನಿ ಹುಡುಗಿಯನ್ನು ಕರೆದು
ನನ್ನ ತೋಳು ಕೊಟ್ಟೆ. ಅವಳ ಕೈ ನಡುಗಿತು.
"ನೋವಾಯ್ತಾ ಮ್ಯಾಮ್?"
"ಆಗಲಿ."

ಸಿಟಿ ಬಸ್ಸಿನಲ್ಲಿ ನಿಂತು ಬರುವಾಗ
ಮೇಲಿನ ಕಂಬಿಗೆ ಎಡಗೈ ಏಳಲಿಲ್ಲ, ಬಲಗೈಯಲ್ಲಿ ಹಿಡಿದೆ.
ಪಂಪ್‌ವೆಲ್ಲಿನ ತಿರುವಲ್ಲಿ
ಯಾರದೋ ಹೆಗಲ ಮೇಲಿನ ಮಗು
ನನ್ನ ಮುಖಕ್ಕೇ ಸೀನಿತು.
ಒರೆಸಿಕೊಂಡೆ.
ಅದರ ಹಣೆ ಮುಟ್ಟಿ ನೋಡಿದೆ:
ತಣ್ಣಗಿತ್ತು.