ಹನ್ನೊಂದು ಕುಳಿ

ಬಸ್ಸಿನ ಎಡಕ್ಕೆ ಕೂತವರಿಗೆ ಕುಂತಿಬೆಟ್ಟ ಎರಡು,
ತಿರುವು ದಾಟಿದ ಮೇಲೆ ಎಲ್ಲರಿಗೂ ಒಂದೇ.
ಕಂಡಕ್ಟರು ನೋಡುವುದೇ ಇಲ್ಲ,
ಚಿಲ್ಲರೆ ಎಣಿಸುತ್ತಾನೆ.

ಬುಡದಲ್ಲಿ ಕಾದಿದ್ದ ಹನುಮಬೋವಿ.
ಎಪ್ಪತ್ತು ದಾಟಿದ ಕಾಲು, ರಬ್ಬರು ಚಪ್ಪಲಿ,
ಅದನ್ನೂ ಮೊದಲ ಬಂಡೆಯ ಹತ್ತಿರ ಕಳಚಿ
ಲಂಟಾನದ ಪೊದೆಗೆ ಸಿಕ್ಕಿಸಿದ.
"ಬೂಟು ಬಿಚ್ಚಿ ಮೇಡಮ್ಮೋರೆ, ಕಲ್ಲು ಕಾಲ್ಗೆ ಯೋಳ್ತದೆ."
ಬಿಚ್ಚಲಿಲ್ಲ. ಎರಡು ಸಲ ಜಾರಿದೆ.

ನನ್ನ ಕೈಯಲ್ಲಿ ನಕ್ಷೆ:
ಹೆಬ್ಬೆಟ್ಟಿನ ಗುರುತಿನ ಹಾಗೆ ಸುತ್ತು ಸುತ್ತು ಗೆರೆ,
ನಡುವೆ ತ್ರಿಕೋನ, ಪಕ್ಕದಲ್ಲಿ ಎತ್ತರ.
ಅವನ ಕೈಯಲ್ಲಿ ಕಾರೆಕೋಲು. ಬಡಿದು ಬಡಿದು ಕೇಳುತ್ತಿದ್ದ:
ಇದು ಗಟ್ಟಿ, ಇದು ಪೊಳ್ಳು,
ಇದು ಇನ್ನು ಹತ್ತು ಬೇಸಿಗೆ ಕಂಡರೆ ಹೆಚ್ಚು.
ನಕ್ಷೆಗೆ ಗೊತ್ತಿಲ್ಲದ ಹೆಸರು ಒಂದೊಂದೇ ಬಂದವು.
ಮಜ್ಜಿಗೆಬಂಡೆ, ನೆರಳಿರುವಷ್ಟು ಹೊತ್ತು ಬುತ್ತಿ ಬಿಚ್ಚುತ್ತಿದ್ದ ಜಾಗ.
ಸೂಲಗಿತ್ತಿ ಗವಿ, ಆಡುಗಳು ಈಯುವುದಕ್ಕೆ ಅಲ್ಲಿಗೇ ಹೋಗುತ್ತಿದ್ದವಂತೆ.
ಬೂದನ ಜಾರು.
ಬೂದ ಯಾರು, ಅಂದೆ.
"ಜಾರ್ದೋನು."

ಕುಂತಿ ಇಲ್ಲಿದ್ದಳಂತೆ, ಫ್ರೆಂಚರ ದಂಡು ಕೆಳಗೆ ಬಿಡಾರ ಹೂಡಿತ್ತಂತೆ.
ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಮೂಗೊರೆಸಿಕೊಂಡ,
ಮೊನ್ನೆ ಉಂಡೆದ್ದು ಹೋದ ನೆಂಟರ ಹಾಗೆ.

ಅರ್ಧ ದಾರಿಯಲ್ಲಿ, ಹಾಸುಬಂಡೆಯ ಮೈಮೇಲೆ
ನೂಲು ಹಿಡಿದಂತೆ ಸಾಲು ಕುಳಿ.
ಒಂದೊಂದರಲ್ಲೂ ನಿನ್ನೆಯ ಮಳೆ, ಗುಟುಕು ಗುಟುಕು.
ಒಂದರಲ್ಲಿ ಇರುವೆ ತೇಲುತ್ತಿತ್ತು.
ಎಣಿಸಿದೆ. ಹನ್ನೊಂದು.
"ಹದಿನಾಕು ಆಗ್ಬೇಕಿತ್ತು.
ಹನ್ನೊಂದ್ನೇದು ಕೊರೀತಿದ್ದೆ, ಬುತ್ತಿ ತರೋ ಹುಡ್ಗ
ಕೆಳಗಿಂದ್ಲೇ ಕೂಗ್ದ, ಹೆಣ್ಣು ಅಂತ.
ಉಳಿ ಸುತ್ತಿಗೆ ಅಲ್ಲೇ ಬುಟ್ಟು ಓಡ್ದೆ.
ಮೂರು ದಿನ ಕಳ್ದು ಬಂದ್ರೆ ಕಲ್ಲು ಒಡೆಯಂಗಿಲ್ಲ ಅಂತ
ಅಮಲ್ದಾರ್ರು ಬೋರ್ಡು ನೆಡ್ಸಿದ್ರು.
ಉಳಿ ಯಾರೋ ಹೊತ್ಕೊಂಡೋಗಿದ್ರು."

ಮಗಳೀಗ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬಿನ ಗಾಡಿ ತೂಗುತ್ತಾಳೆ.
ತುದಿ ಮುಟ್ಟಿದಾಗ ಅವನು ಮೊದಲು ಹುಡುಕಿದ್ದು ಅದರ ಚಿಮಣಿ.
ನಾನು ಕೆರೆ ನೋಡಿದೆ, ತೊಣ್ಣೂರಿನದು,
ನಾಲೆ ನೋಡಿದೆ, ಕಬ್ಬಿನ ಹಸಿರಿಗೂ ಭತ್ತದ ಹಸಿರಿಗೂ
ನಡುವೆ ಬಿದ್ದ ಬದು ನೋಡಿದೆ.
ಗಾಳಿಯಲ್ಲಿ ಕಾಕಂಬಿಯ ವಾಸನೆ.

ಎತ್ತರ ಎಷ್ಟು ಗೊತ್ತಾ, ಅಂತ ನಕ್ಷೆ ಚಾಚಿದೆ.
ಓದಲಿಲ್ಲ. ಕೋಲನ್ನೇ ಬೆರಳು ಮಾಡಿ ಕೆಳಗೆ ತೋರಿಸಿದ:
ಅಗೋ ಆ ತೂಬಿನ ಕಂಬ, ಗಿರಣಿಯ ಮೆಟ್ಟಿಲು,
ರೈಲ್ವೆ ಗೇಟಿನಾಚೆ ತೋಟದ ಬೇಲಿಗಲ್ಲು,
ಮಂಡ್ಯದಲ್ಲಿ ಯಾರದೋ ಮನೆಯ ಒರಳು,
ಮೈಸೂರಿಗೆ ಹೋದವು ಲೆಕ್ಕವಿಲ್ಲ.
"ಬೆಟ್ಟ ಪೂರ್ತಿ ಇಲ್ಲೆಲ್ಲೈತೆ?
ಅವನ್ನೂ ಕೂಡ್ಸಿ ಬರ್ಕೊಳಿ."

ಇಳಿಯುವಾಗ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡೆ.
ಬಂಡೆ ಏನೂ ಹೇಳಲಿಲ್ಲ.
ಬಿಸಿಯಿತ್ತು, ಅಷ್ಟೇ.

ರಾತ್ರಿ ಮೈಸೂರಲ್ಲಿ, ಬಾಡಿಗೆ ಮನೆಯ ಮೆಟ್ಟಿಲು ಎಡವಿ
ಉಗುರು ಕಿತ್ತು ಕೂತಾಗ ಕಂಡಿತು:
ಕಲ್ಲಿನ ಅಂಚಿಗೆ ಅರ್ಧ ಕುಳಿ,
ದಿನಾ ಗುಡಿಸಿದರೂ
ರಂಗೋಲಿ ಪುಡಿ ಬಿಟ್ಟು ಹೋಗದ ಜಾಗ.