ನಮೂನೆಯ ಏಳನೇ ಚೌಕ

ಹೆಸರಿದೆ: ಉಶೀಯಾ ಲೋರೀದೊ.
ವಿಭಾಗವಿದೆ, ಸಹಿಯಿದೆ, ತಾರೀಖೂ ಇದೆ.
ಏಳನೇ ಚೌಕದಲ್ಲಿ ಮಾತ್ರ,
‘ಉಪಯೋಗವೇನು? ಒಂದು ಸಾಲಿನಲ್ಲಿ ಬರೆಯಿರಿ’ ಎಂಬಲ್ಲಿ,
ಕಾಫಿ ಬಟ್ಟಲು ಕೂತೆದ್ದ ಕಂದು ಉಂಗುರ.

ನಾನು ಈ ವಿಶ್ವವಿದ್ಯಾಲಯದ ದಲ್ಲಾಳಿ.
ಬಾಗಿಲ ಫಲಕದಲ್ಲಿ ಬೇರೆ ಉದ್ದನೆ ಹೆಸರಿದೆ, ಇರಲಿ.
ಒಳಗಿನವರು ಕಂಡದ್ದು ಹೊರಗಿನವರ ಕೈ ಸೇರುವ ಮುನ್ನ
ಬೆಲೆಚೀಟಿ ಹಚ್ಚುವವನು.
ಸಾವಿರ ನಮೂನೆ ಕಂಡಿದ್ದೇನೆ. ಏಳನೇ ಚೌಕದಲ್ಲಿ
ಎಲ್ಲರೂ ಲೋಕೋದ್ಧಾರ ಮಾಡಿ ಮುಗಿಸಿರುತ್ತಾರೆ.

ಫೋನು ಮಾಡಿದೆ. ನಕ್ಕಳು:
‘ನೀಲಿಚಿಪ್ಪು ಅಷ್ಟು ಅಲೆಯಲ್ಲೂ ಬಂಡೆ ಕಚ್ಚಿ
ಹೇಗೆ ನಿಲ್ಲುತ್ತದೆಂದು ಹನ್ನೊಂದು ವರ್ಷ ನೋಡಿದ್ದೇನೆ, ಬ್ರಾಯ್ಸ್.
ಅದಕ್ಕಿರುವ ಉಪಯೋಗ, ಕೊಚ್ಚಿಹೋಗದೆ ಇರುವುದು.
ನಮಗೇನೆಂದು ನೀನೇ ಬರಿ.’

ಬರೆದೆ: ‘ಒದ್ದೆಯಲ್ಲೂ ಹಿಡಿಯುವ ಅಂಟು.’
ಹೃದಯದ ಸೀಳು, ಹಡಗಿನ ಬಿರುಕು, ಮುರಿದ ಹಲ್ಲು,
ಬಾಯಿಗೆ ಬಂದದ್ದೆಲ್ಲ ಸೇರಿಸಿದೆ.
ಪೇಟೆಂಟಿಗೆ ಹಣ ಬಂತು. ವೀಗೊ ಬಂದರಿನ ಹಿಂದೆ
ಹಳೆಯ ಸಾರ್ಡೀನು ಗೋದಾಮಿನಲ್ಲಿ ಒಂದು ಕೋಣೆ ಬಂತು,
ಎಷ್ಟು ತೊಳೆದರೂ ಹೋಗದ ವಾಸನೆಯ ಸಮೇತ.

ಮ್ಯಾಡ್ರಿಡ್‌ನಿಂದ ಹಣ ಹೂಡುವವರು ಬಂದರು, ಮೂವರು.
ಉಶೀಯಾ ಗಾಜಿನ ತೊಟ್ಟಿಯ ನೀರೊಳಗೆ
ಹಂದಿಚರ್ಮದ ಎರಡು ತುಂಡು ಒತ್ತಿ ಹಿಡಿದು
ಕೆಳಗೊಂದು ಕಲ್ಲು ಕಟ್ಟಿದಳು. ಬೀಳಲಿಲ್ಲ.
ಅಷ್ಟು ಹೊತ್ತೂ ಮಾತಾಡದ ಒಬ್ಬಾಕೆ,
ಹಿಂದೆ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು,
ಕೇಳಿದಳು: ‘ಬಿಡಿಸುವುದು ಹೇಗೆ?’

ಹನ್ನೊಂದು ವರ್ಷ. ಒಂದು ದಿನವೂ
ಆ ಕಡೆಯಿಂದ ನೋಡಿರಲಿಲ್ಲ.
ಅವರು ಕಾಫಿ ಕುಡಿದು ಹೊರಟರು.
ಕಲ್ಲು ಇನ್ನೂ ನೇತಾಡುತ್ತಿತ್ತು.

ಆ ಭಾನುವಾರ ಅವಳ ಚಿಕ್ಕಮ್ಮ ದೊರಿಂದಾಳ ತೆಪ್ಪದ ಮೇಲೆ
ಇಬ್ಬರೂ ಸಪ್ಪೆ ಮೋರೆ ಹೊತ್ತು ಕೂತಿದ್ದೆವು.
ನೀಲಗಿರಿ ತೊಲೆಗಳ ತೆಪ್ಪ; ಕೊಲ್ಲಿಗೆ ಇಳಿಬಿಟ್ಟ ಹಗ್ಗಗಳ ತುಂಬ
ಈ ಹೊತ್ತಿಗೆ ಕಪ್ಪು ಗೊಂಚಲು ಇರಬೇಕಿತ್ತು.
ದೊರಿಂದಾ ಒಂದನ್ನು ಮೇಲೆಳೆದು ತೋರಿಸಿದಳು: ಬೋಳು.
‘ಆಗಸ್ಟಿನಲ್ಲಿ ನೀರು ಕಾಯುತ್ತೆ. ಕಾದರೆ ಇವು ಕೈ ಬಿಡ್ತಾವೆ.
ಅಂಟಿನ ನಂಟು ಅಷ್ಟೇ, ಮಗಳೇ.
ನನ್ನ ವರ್ಷದ ಕೂಳು ತಳದ ಕೆಸರಿನಲ್ಲಿ ಬಿದ್ದಿದೆ.’

ಉಶೀಯಾ ಹಗ್ಗ ಮೂಸಿದಳು, ಉಗುರಿನಿಂದ ಕೆರೆದಳು.
ಎಷ್ಟು ಕಾದರೆ, ಚಿಕ್ಕಮ್ಮ? ಎಷ್ಟು ದಿನಕ್ಕೆ? ಎಳೆ ಮೊದಲೋ, ಬುಡ ಮೊದಲೋ?
‘ಕಾಲಿಟ್ಟರೆ ಜುಮ್ಮೆನ್ನದಷ್ಟು’ ಅಂದಳು ಮುದುಕಿ.
ಬೋಳು ಹಗ್ಗದ ಮುಂದೆ ಅವಳು ಹೀಗೆ ಅರಳಬಾರದಿತ್ತು.
ಅರಳಿದಳು. ನಾನು ಸಮುದ್ರ ನೋಡುತ್ತ ಕೂತೆ.

ಆ ಬಿಸಿಯನ್ನು ಮನುಷ್ಯರ ಮೈಮಟ್ಟಕ್ಕೆ ಏರಿಸಲು
ಮೂರು ವರ್ಷ ಹಿಡಿಯಿತು.
ಈಗದು ಅಂಗೈಯಗಲದ ಪಟ್ಟಿ.
ಸುಟ್ಟ ಮಗುವಿನ ತೋಳ ಮೇಲೆ ಸುಮ್ಮನೆ ಕೂರುತ್ತದೆ;
ಬಿಸಿನೀರಿನ ಬಟ್ಟೆ ಒತ್ತಿದರೆ
ಎಳೆಯದೆ, ಅಳಿಸದೆ, ಏಳುತ್ತದೆ.
ಚೌಕದಲ್ಲಿ ಹಳೆಯದನ್ನು ಹೊಡೆದುಹಾಕಿ ಬರೆದೆ:
‘ನೋಯಿಸದೆ ಬಿಡುತ್ತದೆ.’

ಇನ್ನೊಂದು ಪಟ್ಟಿ, ಸಂಶೋಧಕರ ಹೆಸರಿನದು.
ದೊರಿಂದಾಳನ್ನು ಸೇರಿಸಹೋದೆ. ವಕೀಲರು ಕೇಳಿದರು,
ಪದವಿ? ಪ್ರಯೋಗಾಲಯ ಯಾವುದು?
ಕೊಲ್ಲಿ, ಅಂದೆ. ಅವರು ನಗಲಿಲ್ಲ.
ವಿಶ್ವವಿದ್ಯಾಲಯಕ್ಕೆ ನೂರಕ್ಕೆ ಇಂತಿಷ್ಟು, ಮ್ಯಾಡ್ರಿಡ್‌ಗೆ ಇಂತಿಷ್ಟು,
ಉಶೀಯಾಳಿಗೆ ಮಿಕ್ಕಷ್ಟು. ಮಿಕ್ಕದ್ದರಲ್ಲಿ ಮೊದಲು ಕೊಂಡದ್ದು
ಚಿಕ್ಕಮ್ಮನಿಗೆ ಹೊಸ ಹಗ್ಗ, ನಾನೂರು ಮೀಟರ್.

ನಿನ್ನೆ ದೊರಿಂದಾ ಕಚೇರಿಗೇ ಬಂದಳು, ರಬ್ಬರ್ ಬೂಟಿನಲ್ಲೇ.
ಹೊಸ ಹಗ್ಗವೂ ಬೋಳಂತೆ.
‘ನನಗೂ ಒಂದು ನಮೂನೆ ಕೊಡಪ್ಪ.’
ಹೆಸರು, ವಿಭಾಗ, ಪದವಿ ಎಲ್ಲ ಖಾಲಿ ಬಿಟ್ಟು
ಏಳನೇ ಚೌಕದಲ್ಲಿ ದಪ್ಪ ಅಕ್ಷರ ಒತ್ತಿ, ಗೆರೆ ದಾಟಿ ಬರೆದಳು:
‘ನೀರು ಕಾದರೂ ಬಿಡಬಾರದು.’