ಬೆಸ ಜೋಡು

ನಾನು ಕುಚೆರಾ, ಸೋಲ್‌ಹೈಮ್ ಊರಿನಲ್ಲಿ
ಬ್ಯಾಂಕಿನ ಪಕ್ಕದ ಬೂಟಿನ ಅಂಗಡಿಯವನು.
ಆರ್ವಿಡ್ ಟೋಲೆಫ್ಸನ್ನನ ಎದುರು ಐದು ಸಲ ನಿಂತೆ,
ಐದು ಸಲವೂ ಸೋತು ಸುಣ್ಣವಾದೆ.
ಆಮೇಲೂ ಅವನು ಜೋಡು ಕೊಳ್ಳಲು ನನ್ನಲ್ಲಿಗೇ ಬಂದ.

ಜೋಡು ಅನ್ನುವ ಮಾತೇ ಅವನ ಮಟ್ಟಿಗೆ ಸುಳ್ಳು.
ಎಡಗಾಲಿಗೆ ಹತ್ತು, ಬಲಗಾಲಿಗೆ ಎಂಟು.
ಕೊರಿಯಾದಲ್ಲಿ, ಹೆಪ್ಪುಗಟ್ಟಿದ ಜಲಾಶಯದ ದಂಡೆಯಲ್ಲಿ
ಇಪ್ಪತ್ತರ ಹುಡುಗನ ಐದು ಬೆರಳು
ಕಾಲುಚೀಲದ ಜೊತೆಗೇ ಕಳಚಿ ಬಂದವಂತೆ.
ಅಂತೆ ಅಂದೆ. ಅವನು ಹೇಳಿದ್ದಲ್ಲ.
ಅಳತೆಪಟ್ಟಿ ಹಿಡಿದು ಮಂಡಿಯೂರಿದವನಿಗೆ
ಅರ್ಧ ಕಾಲೇ ಹೇಳಿತು,
ಉಳಿದರ್ಧ ಅವನ ಹೆಂಡತಿ ಥೋರಾ,
ಅವನು ಲೇಸು ಕಟ್ಟುವಾಗ, ದನಿ ತಗ್ಗಿಸಿ.

ಪ್ರತಿ ಸಲ ಎರಡು ಜೊತೆ, ಎರಡಕ್ಕೂ ಪೂರ್ತಿ ದುಡ್ಡು.
ಮಿಕ್ಕ ಎಡ ಎಂಟು, ಬಲ ಹತ್ತು ನನ್ನ ಕಡೆ ತಳ್ಳಿ
"ಇಟ್ಟುಕೊ. ಎಲ್ಲೋ ಒಬ್ಬನಿಗೆ ಎಡಗಾಲು ಹೋಗಿರುತ್ತೆ.
ಆ ಕಡೆಯವನೇ ಇರಬಹುದು."

ನಮ್ಮ ರಾಜ್ಯದಲ್ಲಿ ಸಮ ವರ್ಷಕ್ಕೆ ಚುನಾವಣೆ,
ಬೆಸ ವರ್ಷಕ್ಕೆ ಸಭೆ, ಅದೂ ಎಂಬತ್ತೇ ದಿನ.
ಉಳಿದಂತೆ ಅವನು ಸಕ್ಕರೆ ಬೀಟಿನ ರೈತ.
ಮೂವತ್ತಾರು ವರ್ಷ, ಹದಿನೆಂಟು ಸಭೆ,
ಹಿಂದಿನ ಸಾಲಿನ ಅದೇ ಕುರ್ಚಿ.
ಶಾಲೆಯ ಬಸ್ಸಿನಲ್ಲಿ ಮಗುವಿಗೊಂದು ಕಂಬಳಿ ಇರಲಿ
ಎಂಬ ಮಸೂದೆ ಆರು ಸಲ ತಂದ, ಆರು ಸಲವೂ ಸತ್ತಿತು.
'ಕಂಬಳಿ ಟೋಲೆಫ್ಸನ್' ಎಂದು ಹೆಸರಿಟ್ಟವನು ನಾನೇ,
ಹಳದಿ ಕರಪತ್ರದಲ್ಲಿ, ಸಾಲ ಮಾಡಿ ಅಚ್ಚು ಹಾಕಿಸಿ.
ಏಳನೇ ಸಲ ಯಾರೋ ಕೇಳಿದರು:
"ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆಯೇ, ಸ್ವಾಮಿ?"
ಎದ್ದ. "ನಮ್ಮ ಲಾರಿಯೂ ಕೆಡುವುದಿಲ್ಲ
ಅಂತಲೇ ಹೇಳಿದ್ದರು." ಕೂತ.
ಗೋಡೆಯ ಹಲಗೆಯಲ್ಲಿ ಒಂದೊಂದೇ ಹಸಿರು ದೀಪ.

ಆ ಕಂಬಳಿ ಯಾರ ಜೀವ ಉಳಿಸಿತೋ ಗೊತ್ತಿಲ್ಲ.
ಹುಡುಗರು ಅದರಲ್ಲಿ ಬೆಕ್ಕಿನ ಮರಿ ಸುತ್ತಿದ್ದನ್ನು ಕಂಡಿದ್ದೇನೆ.
ಅವನು ದೇವರೇನಲ್ಲ. ಪಡುವಣ ತಾಲೂಕಿನ ಆಸ್ಪತ್ರೆ
ಮುಚ್ಚಲು ಕೈ ಎತ್ತಿದವರಲ್ಲಿ ಅವನೂ ಒಬ್ಬ.
ನನ್ನ ತಂಗಿ ಆ ಚಳಿಗಾಲ ತೊಂಬತ್ತು ಮೈಲಿ ದೂರ ಹೆತ್ತಳು,
ಕಾರಿನಲ್ಲಿ. ಅದನ್ನು ಮರೆತಿಲ್ಲ,
ಅವನ ಮುಖಕ್ಕೇ ಹೇಳಿದೆ.
"ಸರಿ," ಅಂದ. "ತಪ್ಪಾಯಿತು" ಅನ್ನಲಿಲ್ಲ.
ಮುಂದಿನ ತಿಂಗಳು ಅವಳ ಬಾಗಿಲಲ್ಲಿ ಒಂದು ಮೂಟೆ ಆಲೂಗಡ್ಡೆ.
ಅವಳು ತೆಗೆದುಕೊಳ್ಳಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ:
ನನ್ನ ಕೊನೆಯ ಚುನಾವಣೆಯ ವಾರ ಅವನು ಅಂಗಡಿಗೆ ಬಂದ,
ಮೈತುಂಬ ಬೀಟಿನ ಮಣ್ಣು.
ಮತ ಕೇಳಲಿಲ್ಲ, ಲೇಸು ಬೇಗ ಸವೆಯುತ್ತದೆಂದು ಬೈದು ಹೋದ.
ಅವನು ಹನ್ನೊಂದು ಮತದಿಂದ ಗೆದ್ದ.
ಮತಪೆಟ್ಟಿಗೆಯ ಪರದೆಯ ಹಿಂದೆ
ನನ್ನ ಹೆಸರನ್ನು ದಾಟಿ ಕೆಳಗಿಳಿದ ಕೈ ನನ್ನದೇ.

ಈ ಮಾರ್ಚಿನಲ್ಲಿ ಶವಸಂಸ್ಕಾರದವನು ಬಂದು
"ಟೋಲೆಫ್ಸನ್ನನಿಗೆ ಒಂದು ಜೊತೆ, ಕಪ್ಪು" ಅಂದ.
ಒಂದೇ ಅಂತೆ! ಎರಡು ಡಬ್ಬಿ ಇಳಿಸಿದೆ,
ಎಂದಿನಂತೆ ಎರಡರ ಬೆಲೆ ಬರೆದೆ.
ಆಮೇಲೆ ಹರಿದು ಹಾಕಿದೆ.

ಹಿಂದಿನ ಕಪಾಟಿನಲ್ಲಿ ಈಗ ಮೂವತ್ತೊಂದು ಜೊತೆ,
ಎಡ ಎಂಟು, ಬಲ ಹತ್ತು. ಭಾನುವಾರ ಧೂಳು ಒರೆಸುತ್ತೇನೆ.
ಬಾಗಿಲ ಗಂಟೆ ಸದ್ದಾದಾಗೆಲ್ಲ
ಬಂದವರ ಮುಖ ಆಮೇಲೆ,
ಮೊದಲು ನಡಿಗೆ ನೋಡುತ್ತೇನೆ.